ಫೋರ್ಸ್ ಗೂರ್ಖಾ ಗಾಡಿಯೊಳಗೆ ಹಾಸಿಗೆ, ಫ್ರಿಜ್, ನೀರು: ಗಾಡಿಯ ಮೈಗೆ ಒಂದೂ ತೂತು ಕೊರೆಯದೆ ಮಾಡಿದ ಕ್ಯಾಂಪರ್

ನಮ್ಮಲ್ಲಿ ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರೈವ್, ಒಳಗೆ ಕಾಲು ಚಾಚಿ ಮಲಗುವಷ್ಟು ಜಾಗ, ಈ ಮೂರೂ ಒಟ್ಟಿಗೆ ಬೇಕೆಂದರೆ ಆಯ್ಕೆ ಹೆಚ್ಚಿಲ್ಲ. ಒಳಗೇ ಮಲಗಿ ಊರೂರು ಸುತ್ತುವ ಕ್ಯಾಂಪರಿಗಾಗಿ ನಾನು ಕೆಲಸ ಮಾಡಿದ್ದು 2024ರಲ್ಲಿ ಬಂದ ಐದು ಬಾಗಿಲಿನ ಫೋರ್ಸ್ ಗೂರ್ಖಾದ ಮೇಲೆ: 2.6 ಲೀಟರ್ ಎಂಜಿನ್, 2825 ಮಿ.ಮೀ. ವೀಲ್‌ಬೇಸ್, 233 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಹಿಂದೆ ಮುಂದೆ ಎರಡೂ ಕಡೆ ಡಿಫ್ ಲಾಕ್ (ಒಂದು ಚಕ್ರ ಜಾರಿದರೂ ಜೋಡಿ ಚಕ್ರಗಳು ಒಟ್ಟಿಗೇ ತಿರುಗುವಂತೆ ಮಾಡುವ ಲಾಕ್). ಗಾಡಿಯ ಬಗ್ಗೆ ಇಷ್ಟು ಸಾಕು. ಉಳಿದದ್ದೆಲ್ಲ ಅದರೊಳಗೆ ಏನು ಕೂರಿಸಿದೆ, ಅದು ಹೇಗೆ ಕಳಚದೆ ನಿಲ್ಲುತ್ತದೆ ಎಂಬುದು.

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ಸ್ಪೆಸಿಫಿಕೇಶನ್‌ಗೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಗಾಡಿಯನ್ನು ಮೋಟಾರ್ ಕ್ಯಾರವಾನ್ ಎಂದೇ ನೋಂದಾಯಿಸಬೇಕಾದರೆ ಎಐಎಸ್-124 ಮಾನದಂಡದ ಅನುಮೋದನೆ ಬೇಕು, ಅದು ಮನೆಯಂಗಳದಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಬಾಡಿ ಕತ್ತರಿಸುವುದಿಲ್ಲ, ರೂಫ್ ತೆರೆಯುವುದಿಲ್ಲ, ವೆಲ್ಡಿಂಗ್ ಇಲ್ಲ. ಹಿಂದಿನ ಸೀಟು ಬಿಚ್ಚಿದಾಗ ಸಿಗುವ ಕಂಪನಿಯ ಬೋಲ್ಟ್ ತೂತುಗಳಿಗೇ ಇಡೀ ಸೆಟಪ್ ಕೂರಬೇಕು, ಬೇಡವಾದಾಗ ಸ್ಪ್ಯಾನರ್ ಹಿಡಿದು ಬಿಚ್ಚಿ ಸೀಟು ಮತ್ತೆ ಹಾಕುವಂತಿರಬೇಕು. ಆರ್‌ಸಿಯಲ್ಲಿರುವ ಸೀಟಿನ ಲೆಕ್ಕಕ್ಕೂ ಗಾಡಿಯಲ್ಲಿರುವುದಕ್ಕೂ ತಾಳೆಯಾಗದಿದ್ದರೆ ವಿಮೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರಬಹುದು. ಸೀಟನ್ನು ಗುಜರಿಗೆ ಹಾಕಬೇಡಿ, ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಫ್ರೇಮಿಗೆ 40×40 ಮಿ.ಮೀ., 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಚೌಕ ಪೈಪ್ ಬಳಸಿದೆ. ಮೀಟರಿಗೆ ಸುಮಾರು 820 ಗ್ರಾಂ, ಒಟ್ಟು 14 ಮೀಟರ್, ಅಂದರೆ 12 ಕೆಜಿಯೊಳಗೆ. ಬೆಂಗಳೂರಿನ ಪೀಣ್ಯದಲ್ಲಿ ಅಲ್ಯೂಮಿನಿಯಂ ವೆಲ್ಡ್ ಮಾಡುವವರು ಬೇಕಾದಷ್ಟು ಸಿಗುತ್ತಾರೆ, ಆದರೂ ವೆಲ್ಡ್ ಮಾಡಿಸಲಿಲ್ಲ. ಟಿ6 ಹದದ (ಕಾಯಿಸಿ ಗಟ್ಟಿ ಮಾಡಿದ) ಅಲ್ಯೂಮಿನಿಯಂ ವೆಲ್ಡ್ ಬಿಸಿ ತಾಗಿದ ಜಾಗದಲ್ಲಿ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಘಾಟಿಯ ಹಳ್ಳ ದಿಣ್ಣೆಯಲ್ಲಿ ಗಡಗಡ ಅಲುಗಾಡುತ್ತ ಹೋದರೆ ಬಿರುಕು ಮೊದಲು ಬಿಡುವುದು ಅಲ್ಲೇ. ಬದಲಿಗೆ 3 ಮಿ.ಮೀ. ತಗಡಿನ ಮೂಲೆಪಟ್ಟಿ ಲೇಸರ್ ಕಟ್ ಮಾಡಿಸಿ, ಪೈಪಿಗೆ ಎಂ8 ರಿವೆಟ್ ನಟ್ (8 ಮಿ.ಮೀ. ಬೋಲ್ಟ್ ಹಿಡಿಯುವ, ಹೊರಗಿನಿಂದಲೇ ತೂತಿಗೆ ಕಚ್ಚಿಸುವ ನಟ್ಟು) ಹೊಡೆದು ಬೋಲ್ಟ್ ಬಿಗಿದೆ. ಎಂ8 ರಿವೆಟ್ ನಟ್ಟಿಗೆ ತೂತು 11 ಮಿ.ಮೀ. ಇರಬೇಕು. 11.5 ಆದರೆ ಬಿಗಿಯುವಾಗ ನಟ್ಟು ಜೊತೆಗೇ ತಿರುಗುತ್ತದೆ, ಆಮೇಲೆ ಬಿಚ್ಚಲೂ ಬಾರದು, ಬಿಗಿಯಲೂ ಬಾರದು. ಮೊದಲು 4 ಮಿ.ಮೀ., ಬಳಿಕ 8, ಕೊನೆಗೆ 11 ಎಂದು ಹಂತಹಂತವಾಗಿ ಕೊರೆಯಿರಿ. ಕೈ ಡ್ರಿಲ್ಲಿನಲ್ಲಿ ಒಂದೇ ಏಟಿಗೆ 11 ಹಾಕಿದರೆ ತೂತು ತ್ರಿಕೋನವಾಗುತ್ತದೆ.

ಬೋಲ್ಟುಗಳೆಲ್ಲ 8.8 ಗ್ರೇಡ್, ಅಂದರೆ ಹೆಚ್ಚು ಬಲದ ಉಕ್ಕು. ಇದು ಶೋಕಿಯಲ್ಲ. ಅಪಘಾತದಲ್ಲಿ 20 ಜಿ (ತೂಕದ 20 ಪಟ್ಟು ಬಲ) ಹಿಡಿದರೂ ಒಳಗೆ ಕೂರಿಸಿದ 165 ಕೆಜಿ ಸಾಮಾನು ಮೂರು ಟನ್ನಿಗೂ ಮಿಕ್ಕ ಬಲದಿಂದ ಮುಂದಿನ ಸೀಟಿನ ಮೇಲೆ ಬರುತ್ತದೆ. ಒಂದು ಎಂ8 8.8 ಬೋಲ್ಟ್ ಎರಡು ಟನ್ನಿನಷ್ಟು ಎಳೆತ ತಾಳುತ್ತದೆ. ಸೋಲುವುದು ಬೋಲ್ಟ್ ಅಲ್ಲ, ಪ್ಲೈವುಡ್‌ಗೆ ನೇರ ಹೊಡೆದ ಸ್ಕ್ರೂ. ಆದ್ದರಿಂದ ಬ್ಯಾಟರಿ, ಫ್ರಿಜ್, ನೀರಿನ ಕ್ಯಾನ್ ಈ ಮೂರರ ಪಟ್ಟಿಗಳು ಹಲಗೆಗಲ್ಲ, ಫ್ರೇಮಿಗೇ ಕಟ್ಟಿಕೊಳ್ಳಬೇಕು.

ಹಲಗೆಗೆ ಐಎಸ್ 710 ಮುದ್ರೆಯ 12 ಮಿ.ಮೀ. ಮೆರೈನ್ ಪ್ಲೈ. 8×4 ಅಡಿಯ ಶೀಟ್ ಒಂದು 25 ಕೆಜಿ ತೂಗುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಕೇಳಿದರೆ “18 ಎಂಎಂ ಹಾಕಿ ಸಾರ್, ಗಟ್ಟಿ” ಎನ್ನುತ್ತಾರೆ. ವಾರ್ಡ್‌ರೋಬಿಗೆ ಸರಿ. ಗಾಡಿಯಲ್ಲಿ ಅದು ಶೀಟಿಗೆ 12 ಕೆಜಿ ದಂಡ, ಕೆಳಗೆ 400 ಮಿ.ಮೀ.ಗೊಂದು ಅಡ್ಡಪೈಪ್ ಇದ್ದರೆ 12 ಧಾರಾಳ. ಮಲಗುವ ಹಲಗೆಗೆ 150 ಮಿ.ಮೀ. ಅಂತರದಲ್ಲಿ 40 ಮಿ.ಮೀ. ತೂತುಗಳನ್ನು ಕೊರೆಸಿದೆ. ಇದರಿಂದ ಇಳಿಯುವ ತೂಕ ಐದಾರು ಶೇಕಡಾ ಮಾತ್ರ. ನಿಜವಾದ ಉಪಯೋಗ ಗಾಳಿ. ಇಬ್ಬರು ಮಲಗಿದರೆ ಬೆಳಗಿನ ಹೊತ್ತಿಗೆ ಉಸಿರಿನ ತೇವ ಹಾಸಿಗೆಯ ಅಡಿ ನೀರಾಗಿ ಕೂತಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ, ಬೂಸಲು ಹಿಡಿಯುತ್ತದೆ.

ಡ್ರಾಯರಿಗೆ ಅಡುಗೆಮನೆಯ ಸಾಫ್ಟ್ ಕ್ಲೋಸ್ ಚಾನೆಲ್ ಹಾಕಿದರೆ ಮೊದಲ ಇಳಿಜಾರಿನಲ್ಲೇ ತಾನಾಗಿ ತೆರೆದುಕೊಳ್ಳುತ್ತದೆ. ಒಳಗೂ ಹೊರಗೂ ಲಾಕ್ ಆಗುವ ಹೆವಿ ಡ್ಯೂಟಿ ಸ್ಲೈಡೇ ಬೇಕು. ಇಲ್ಲಿ ದುಡ್ಡು ಉಳಿಸಬೇಡಿ.

ಇನ್ನು ಕರೆಂಟು. ಲೆಕ್ಕ ಮೊದಲು, ಖರೀದಿ ಆಮೇಲೆ. 40 ಲೀಟರ್ ಕಂಪ್ರೆಸರ್ ಫ್ರಿಜ್ 45 ವಾಟ್ ಎಳೆಯುತ್ತದೆ, ನಮ್ಮ ಬಿಸಿಲಿಗೆ ದಿನದಲ್ಲಿ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ಓಡುತ್ತದೆ: ಸುಮಾರು 400 ವಾಟ್-ಅವರ್. ಫ್ಯಾನ್ 160, ದೀಪ 40, ಫೋನು ಲ್ಯಾಪ್‌ಟಾಪ್ 100. ಒಟ್ಟು 700. 12.8 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ಇರುತ್ತದೆ, ಶೇ. 80 ಬಳಸಿದರೆ ಸಾವಿರ ಚಿಲ್ಲರೆ. ಅಂದರೆ ಒಂದೂವರೆ ದಿನ. ಓಡುವ ಗಾಡಿಯ ಕರೆಂಟಿನಿಂದ ಈ ಬ್ಯಾಟರಿ ತುಂಬಿಸುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಎರಡು ಗಂಟೆ ಡ್ರೈವಿಂಗ್‌ನಲ್ಲಿ 800 ತುಂಬಿಕೊಡುತ್ತದೆ. ದಿನಾ ಜಾಗ ಬದಲಿಸುವವರಿಗೆ ರೂಫ್ ಮೇಲೆ ಸೋಲಾರ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ: ತೂಕ ಮೇಲೇರುತ್ತದೆ, ನೆರಳಲ್ಲಿ ನಿಲ್ಲಿಸಿದರೆ ಪ್ಯಾನೆಲ್ ಸುಮ್ಮನಿರುತ್ತದೆ, ಬಿಸಿಲಲ್ಲಿ ನಿಲ್ಲಿಸಿದರೆ ನಾವು ಬೇಯುತ್ತೇವೆ. ಮಡಚುವ 100 ವಾಟ್ ಪ್ಯಾನೆಲ್ ಒಂದಿದ್ದರೆ ಸಾಕು.

ಸ್ಟಾರ್ಟರ್ ಬ್ಯಾಟರಿಯಿಂದ ಲಿಥಿಯಂಗೆ ಬರೀ ರಿಲೇ ಹಾಕಿ ಜೋಡಿಸುವವರಿದ್ದಾರೆ. ಖಾಲಿ ಲಿಥಿಯಂ ಎಷ್ಟು ಕೊಟ್ಟರೂ ಕುಡಿಯುತ್ತದೆ, ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಗಂಟೆಗಟ್ಟಲೆ ಪೂರ್ತಿ ಲೋಡಿನಲ್ಲಿ ಓಡಿ ಸುಟ್ಟುಹೋಗಬಹುದು. ಡಿಸಿ-ಡಿಸಿ ಚಾರ್ಜರ್ ಇಲ್ಲಿ ಕರೆಂಟಿಗೆ ಮಿತಿ ಹಾಕುತ್ತದೆ. ಔಟ್‌ಪುಟ್ 30 ಆಂಪಿಯರ್ ಆದರೂ ಇನ್‌ಪುಟ್ ಕಡೆ 37ರವರೆಗೆ ಹೋಗುತ್ತದೆ, ಹಾಗಾಗಿ ಎರಡೂ ತುದಿಗೆ 50ರ ಫ್ಯೂಸ್, ಬ್ಯಾಟರಿ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ.

ವೈರ್ ದಪ್ಪದಲ್ಲೇ ಹೆಚ್ಚಿನವರು ಎಡವುವುದು. ಬಾನೆಟ್ಟಿನಿಂದ ಹಿಂದಕ್ಕೆ ಐದು ಮೀಟರ್, ಹೋಗಿ ಬರುವುದು ಹತ್ತು. 6 ಸ್ಕ್ವೇರ್ ಎಂಎಂ ತಾಮ್ರದಲ್ಲಿ 30 ಆಂಪಿಯರಿಗೆ 0.86 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ, 16ರಲ್ಲಿ 0.32. ನಾನು ಹಾಕಿದ್ದು 16. ಎಸ್‌ಪಿ ರೋಡಿನಲ್ಲಿ ಕೊಳ್ಳುವಾಗ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಎಲ್ಲಾದರೂ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಅಥವಾ ಕಲಾಯಿ ಹಾಕಿದ ತಾಮ್ರ. ಕಲಾಯಿಯಾದರೆ ಹೊರಮೈ ಬಿಳಿ, ಒಳಗೆ ಕೆಂಪು. ಹೊರಗೆ ಕೆಂಪು ಒಳಗೆ ಬಿಳಿಯಾದರೆ ವಾಪಸ್ ಕೊಡಿ.

ವೈರ್ ತುದಿಗೆ ಲಗ್ (ಬೋಲ್ಟಿಗೆ ಕೂರುವ ಕಣ್ಣಿರುವ ಲೋಹದ ಕೊಳವೆ) ಕೂರಿಸುವ ಬಗೆ ಹೀಗೆ. ಇನ್ಸುಲೇಶನ್ ಅನ್ನು ಲಗ್ಗಿನ ಕೊಳವೆಯ ಉದ್ದಕ್ಕಿಂತ 1 ಮಿ.ಮೀ. ಹೆಚ್ಚು ಸುಲಿಯಬೇಕು, ಎಳೆಗಳನ್ನು ಹೊಸೆಯದೆ ಹಾಗೇ ತೂರಿಸಬೇಕು. ಹೈಡ್ರಾಲಿಕ್ ಕ್ರಿಂಪರಿನಲ್ಲಿ 16ರ ಡೈ ಹಾಕಿ, ಮೊದಲ ಒತ್ತು ಬೋಲ್ಟ್ ಕಣ್ಣಿನ ಕಡೆಗೆ, ಎರಡನೆಯದು ವೈರ್ ಕಡೆಗೆ. ಲಗ್ಗನ್ನು ವೈಸಿಗೆ ಹಿಡಿದು ವೈರನ್ನು ಮೈಭಾರ ಬಿಟ್ಟು ಎಳೆಯಿರಿ, ಅಲುಗಿದರೆ ಕತ್ತರಿಸಿ ಬಿಸಾಡಿ. ಮೇಲೆ ಒಳಮೈಗೆ ಗೋಂದಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಅಂಟುವ ಕೊಳವೆ). ಸಾಲ್ಡರ್ ಹಾಕಬೇಡಿ. ಅದು ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿಯಂತೆ ಬಿರುಸು ಮಾಡುತ್ತದೆ, ಆ ಬಿರುಸು ಮುಗಿಯುವ ಗೆರೆಯಲ್ಲೇ ಅದುರಿ ಅದುರಿ ತುಂಡಾಗುತ್ತದೆ.

ಇಂಡಕ್ಷನ್ ಸ್ಟೌ ಆಸೆ ಬಿಡಿ. 1200 ವಾಟಿಗೆ ಇನ್ವರ್ಟರಿನ ನಷ್ಟ ಸೇರಿ 110 ಆಂಪಿಯರ್ ಮೀರುತ್ತದೆ, ಸಾಮಾನ್ಯವಾಗಿ ಬರುವ 100 ಆಂಪಿಯರಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಕಟ್ ಮಾಡುತ್ತದೆ. ಮಿಕ್ಸಿಯೂ ಅಷ್ಟೇ, ಚಾಲೂ ಆಗುವ ಕ್ಷಣದಲ್ಲಿ ಎರಡು ಮೂರು ಪಟ್ಟು ಎಳೆಯುತ್ತದೆ. ಚಟ್ನಿಪುಡಿ ಇರುವ ನಾಡಿನಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ಬ್ಯೂಟೇನ್ ಕ್ಯಾನಿನ ಒಲೆ ಒಂದು, ಅದೂ ಗಾಡಿಯ ಹೊರಗೆ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ, ನಮ್ಮ ಹಾಸಿಗೆಯೂ ನೆಲದ ಹತ್ತಿರವೇ. ಗೂರ್ಖಾದ ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುವುದರಿಂದ ಮಳೆಗೆ ಸೂರು ಸಿಗುವುದಿಲ್ಲ, 3×3 ಮೀಟರಿನ ಟಾರ್ಪಾಲ್ ಮತ್ತು ಎರಡು ಕೋಲು ಬೇಕೇ ಬೇಕು.

ನೀರು 20 ಲೀಟರಿನ ಎರಡು ಕ್ಯಾನ್, ಎರಡನೇ ಸಾಲಿನ ಕಾಲಿಡುವ ಜಾಗದಲ್ಲಿ. 40 ಕೆಜಿ ಹಿಂದಿನ ಆಕ್ಸಲಿಗಿಂತ ಮುಂದೆ, ತಗ್ಗಿನಲ್ಲಿ ಕೂತರೆ ಘಾಟಿಯ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ. ಬ್ಯಾಟರಿಯೂ ಅದರ ಹಿಂದೆಯೇ.

ಎಲ್ಲ ಕೂರಿಸಿ, ಟ್ಯಾಂಕ್ ತುಂಬಿಸಿ ವೇಬ್ರಿಡ್ಜಿಗೆ ಹೋಗಿ. ನೆಲಮಂಗಲದ ಕಡೆ ಹೆದ್ದಾರಿ ಬದಿಯಲ್ಲೇ ಸಿಗುತ್ತವೆ. ಪೂರ್ತಿ ಗಾಡಿ ಒಮ್ಮೆ, ಮುಂದಿನ ಚಕ್ರ ಮಾತ್ರ ಒಮ್ಮೆ, ಹಿಂದಿನದು ಮಾತ್ರ ಒಮ್ಮೆ ತೂಗಿಸಿ, ಕಂಪನಿಯ ಆಕ್ಸಲ್ ಮಿತಿಯೊಂದಿಗೆ ಹೋಲಿಸಿ. ಹಿಂದೆ ಮಿತಿಯ ಅಂಚಿಗೆ ಬಂದಿದ್ದರೆ ದಪ್ಪ ಸ್ಪ್ರಿಂಗ್ ಹುಡುಕುವ ಮುನ್ನ ಸಾಮಾನು ಇಳಿಸಿ.

ಕೆಂಪು ಧೂಳಿಗೆ ಒಂದು ಉಪಾಯ: ಮಣ್ಣು ರಸ್ತೆಯಲ್ಲಿ ಕಿಟಕಿ ಮುಚ್ಚಿ, ಬ್ಲೋವರನ್ನು ಹೊರಗಾಳಿ ಎಳೆಯುವ ಮೋಡಿನಲ್ಲಿಡಿ. ಒಳಗಿನ ಒತ್ತಡ ತುಸು ಏರಿ ಹಿಂದಿನ ಬಾಗಿಲಿನ ಸಂದಿಯಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ರೀಸರ್ಕ್ಯುಲೇಶನ್ ಹಾಕಿದರೆ ಫ್ರಿಜ್ಜಿನ ಫ್ಯಾನ್ ಜಾಲರಿ ಸಂಜೆಯೊಳಗೆ ಕೆಂಪಾಗಿರುತ್ತದೆ.

ಮೊದಲ 500 ಕಿ.ಮೀ. ಆದ ಮೇಲೆ ಪ್ರತಿ ಬೋಲ್ಟನ್ನೂ ಮತ್ತೆ ಬಿಗಿಯಬೇಕು. ಬಿಗಿದ ಮೇಲೆ ಬೋಲ್ಟ್ ತಲೆಯಿಂದ ಫ್ರೇಮಿನವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಗೆರೆ ತುಂಡಾಗಿ ಕಂಡಲ್ಲಿ ಮಾತ್ರ ಸ್ಪ್ಯಾನರ್ ಹಿಡಿದರೆ ಸಾಕು.