ಸೋರಿಯಾಸಿಸ್: ಬಗೆ ಗುರುತಿಸಿ, ಕೆರಳಿಸುವುದನ್ನು ಪತ್ತೆಹಚ್ಚುವುದು ಹೇಗೆ?

ಸೋರಿಯಾಸಿಸ್ ಅಂಟುರೋಗವಲ್ಲ, ಕೊಳಕಿನಿಂದ ಬರುವುದೂ ಅಲ್ಲ. ಹಾಗಾಗಿ ಉಜ್ಜಿ ತೊಳೆದರೆ ಹೋಗದು, ಇನ್ನಷ್ಟು ಹೆಚ್ಚುತ್ತದೆ. ರೋಗನಿರೋಧಕ ವ್ಯವಸ್ಥೆ ಚರ್ಮದಲ್ಲಿ ಸುಮ್ಮಸುಮ್ಮನೆ ಉರಿಯೂತ ಎಬ್ಬಿಸುವುದೇ ಇದರ ಮೂಲ. ಸುಮಾರು ಒಂದು ತಿಂಗಳು ಹಿಡಿಯಬೇಕಾದ ಚರ್ಮಕೋಶಗಳ ಬೆಳವಣಿಗೆ ಕೆಲವೇ ದಿನಗಳಲ್ಲಿ ಮುಗಿದು, ಕೋಶಗಳು ಉದುರದೆ ಪದರವಾಗಿ ಕೂರುತ್ತವೆ. ಈ ಒಲವು ವಂಶವಾಹಿಗಳಲ್ಲೇ ಇರುತ್ತದೆ. ಅದನ್ನು ಬದಲಿಸಲಾಗದು, ಕೆರಳಿಸುವುದನ್ನು ದೂರವಿಡಬಹುದು.

ಮೊದಲು ಬಗೆ ನೋಡಿ. ಮೊಣಕೈ, ಮೊಣಕಾಲು, ನೆತ್ತಿ, ಸೊಂಟದ ಹಿಂಭಾಗದಲ್ಲಿ ಅಂಚು ಸ್ಪಷ್ಟವಾಗಿರುವ, ಬೆಳ್ಳಿಬಣ್ಣದ ಹೊಟ್ಟಿನ ದಪ್ಪ ಮಚ್ಚೆಗಳಿದ್ದರೆ ಅದು ಪ್ಲಾಕ್ ಸೋರಿಯಾಸಿಸ್. ಹೆಚ್ಚಿನವರಿಗೆ ಬರುವುದು ಇದೇ. ಕಪ್ಪು ಮೈಬಣ್ಣದಲ್ಲಿ ಮಚ್ಚೆ ಕೆಂಪಾಗಿ ಕಾಣದೆ ನೇರಳೆ ಅಥವಾ ಗಾಢ ಕಂದು ಇರಬಹುದು. ಗಂಟಲು ಸೋಂಕಾದ ಎರಡು ಮೂರು ವಾರಗಳಲ್ಲಿ ಮೈತುಂಬ ಹನಿಹನಿಯಂತೆ ಎದ್ದರೆ ಗಟೇಟ್. ಕಂಕುಳು, ತೊಡೆಸಂದಿಯಲ್ಲಿ ಹೊಟ್ಟಿಲ್ಲದೆ ನುಣುಪಾಗಿ ಹೊಳೆಯುವುದು ಇನ್ವರ್ಸ್. ಇದನ್ನು ಹುಳುಕಡ್ಡಿ ಎಂದುಕೊಳ್ಳುವವರು ಬಹಳ. ತಿರುಗುಮುರುಗಾದರೆ ಅಪಾಯ ಹೆಚ್ಚು: ಹುಳುಕಡ್ಡಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಅದು ರೂಪ ಬದಲಿಸಿ ಹರಡುತ್ತದೆ. ಆದ್ದರಿಂದ ವೈದ್ಯರು ನೋಡುವ ಮೊದಲು ಮುಲಾಮು ಬೇಡ.

ಕಾರಣ ಹುಡುಕುವಾಗ ನಿನ್ನೆ ತಿಂದದ್ದನ್ನು ನೆನೆಯುವವರೇ ಹೆಚ್ಚು. ಹುಡುಕಬೇಕಾದದ್ದು ಅದಕ್ಕಿಂತ ಹಿಂದೆ. ಗೀರು, ಸುಟ್ಟಗಾಯ, ಹಚ್ಚೆ ಇದ್ದ ಜಾಗದಲ್ಲೇ ಸಾಮಾನ್ಯವಾಗಿ 10ರಿಂದ 20 ದಿನಗಳಲ್ಲಿ ಹೊಸ ಮಚ್ಚೆ ಏಳಬಹುದು. ಲಿಥಿಯಂ, ಪ್ರೊಪ್ರನೊಲಾಲ್, ಕ್ಲೋರೊಕ್ವಿನ್‌ನಂಥ ಔಷಧಗಳ ಪರಿಣಾಮ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ (ಹಾಗೆಂದು ತಾವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ). ದಿನಚರಿಯಲ್ಲಿ ಸೋಂಕು, ಗಾಯ, ಹೊಸ ಮಾತ್ರೆ, ನಿದ್ದೆ, ಒತ್ತಡ, ಮದ್ಯ, ಸಿಗರೇಟು, ಒಣಹವೆ ಇವನ್ನು ಬರೆದಿಡಿ. ಮಚ್ಚೆಯ ಫೋಟೊವನ್ನು ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ ತೆಗೆಯಿರಿ. ಒಮ್ಮೆ ಹೊಂದಿಕೆಯಾದರೆ ಕಾಕತಾಳೀಯ ಇರಬಹುದು, ಮತ್ತೆ ಮತ್ತೆ ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೊಟ್ಟು ಕೀಳಬೇಡಿ, ಅಡಿಯಲ್ಲಿ ರಕ್ತ ಜಿನುಗುತ್ತದೆ; ಆ ಗಾಯವೂ ಹೊಸ ಮಚ್ಚೆಗೆ ದಾರಿ. ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ, ಮೈ ತೇವವಿರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟಿದ್ದರೆ, ತೋರುಬೆರಳ ಕೊನೆಯ ಗೆಣ್ಣಿನಷ್ಟು ಉದ್ದ ಹಿಂಡಿದ್ದು, ಅಂದರೆ ಸುಮಾರು ಅರ್ಧ ಗ್ರಾಂ, ಬೆರಳುಗಳೂ ಸೇರಿ ವಯಸ್ಕರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಕೀವುಗುಳ್ಳೆಗಳ ಉಗ್ರರೂಪ ಏಳಬಹುದು.

ಬೆಳಗ್ಗೆ ಕೀಲುಗಳು ಅರ್ಧ ಗಂಟೆಗೂ ಮೀರಿ ಬಿಗಿದಿದ್ದರೆ, ಬೆರಳು ಇಡಿಯಾಗಿ ಊದಿದರೆ ಸೋರಿಯಾಸಿಸ್‌ ಜೊತೆ ಬರುವ ಸಂಧಿವಾತದ ತಪಾಸಣೆ ತಡಮಾಡಬೇಡಿ. ಮೈಯೆಲ್ಲ ಕೆಂಪಾಗಿ ಸುಲಿಯುತ್ತಿದ್ದರೆ ಅಥವಾ ಜ್ವರದೊಂದಿಗೆ ಕೀವುಗುಳ್ಳೆ ಎದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.