ಸ್ಟೆಂಟ್‌ಗೆ ಅವಸರ ಬೇಡ: ಯುವಕರ ಹಾರ್ಟ್ ಅಟ್ಯಾಕ್‌ನಲ್ಲಿ ನನ್ನ ಅನುಭವ

30ರ ಆಸುಪಾಸಿನ ಹುಡುಗ, ಸಿಗರೇಟು ಚಟ, ಎಲ್‌ಎಡಿ (ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಮುಖ್ಯ ನಾಳ) ಶುರುವಿನಲ್ಲೇ ಬಂದ್, ಒಳಗೆಲ್ಲ ಕ್ಲಾಟ್, ಅಂದರೆ ಹೆಪ್ಪುಗಟ್ಟಿದ ರಕ್ತ. ಆಂಜಿಯೋ ಮಾಡುವ ಕ್ಯಾಥ್‌ಲ್ಯಾಬ್‌ನವರಿಗೆ ಇದು ದಿನಾ ನೋಡುವ ಚಿತ್ರ. ಜಯದೇವದಲ್ಲಿ 2017ರಿಂದ ಯುವ ಹೃದ್ರೋಗಿಗಳ ರಿಜಿಸ್ಟ್ರಿ ಇದೆ. ಅಲ್ಲೂ ಧೂಮಪಾನವೇ ಮುಂದು.

ಮೊದಲೆಲ್ಲ ಎಲ್ಲರಂತೆ ನಾನೂ ಆಗಲೇ ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕುತ್ತಿದ್ದೆ. ಸ್ಟೆಂಟ್ ಅರಳಿದ ಕ್ಷಣವೇ ಕ್ಲಾಟ್ ಪುಡಿಯಾಗಿ ಕೆಳಗಿಳಿದು ಫ್ಲೋ ನಿಲ್ಲುತ್ತಿತ್ತು. ನಾಳ ಹಿಗ್ಗಿಸುವ ಅಡಿನೋಸಿನ್, ನಿಕೊರಾಂಡಿಲ್ ಎಲ್ಲ ಕೊಟ್ಟರೂ ಇಎಫ್ (ಹೃದಯ ರಕ್ತ ಪಂಪ್ ಮಾಡುವ ಪ್ರಮಾಣ) 30 ಪರ್ಸೆಂಟ್‌ಗೆ ಇಳಿದವರು ಎಷ್ಟೋ ಜನ. ದುಡಿಯುವ ವಯಸ್ಸು, ಮನೆಯಲ್ಲಿ ಪುಟ್ಟ ಮಕ್ಕಳು. ತುಂಬಾ ಸಂಕಟವಾಗುತ್ತಿತ್ತು.

ಈಗ ಸಣ್ಣ ಬಲೂನ್ ಇಲ್ಲವೇ ಕ್ಲಾಟ್ ಹೀರುವ ಸಕ್ಷನ್‌ನಿಂದ ಟಿಮಿ 3 ಫ್ಲೋ (ರಕ್ತದ ಪೂರ್ತಿ ಹರಿವು) ಬಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ರಕ್ತ ಮತ್ತೆ ಹೆಪ್ಪುಗಟ್ಟದಂತೆ ಟೈರೋಫಿಬಾನ್, ಹೆಪಾರಿನ್, ಟಿಕಾಗ್ರೆಲಾರ್. ನಾಲ್ಕೈದು ದಿನ ಬಿಟ್ಟು ಮತ್ತೆ ಆಂಜಿಯೋ. ನೋವು ನಿಲ್ಲದಿದ್ದರೆ, ಇಸಿಜಿಯಲ್ಲಿ ಏರಿದ ಎಸ್‌ಟಿ ಇಳಿಯದಿದ್ದರೆ, ಡಿಸೆಕ್ಷನ್ (ನಾಳದ ಒಳಪದರದ ಸೀಳು) ಕಂಡರೆ ಕಾಯುವ ಮಾತೇ ಇಲ್ಲ, ಆಗಲೇ ಸ್ಟೆಂಟ್. ಸಕ್ಷನ್ ಕ್ಯಾಥೆಟರ್ ಹೊರಗೆಳೆಯುವಾಗ ಕ್ಲಾಟ್ ಲೆಫ್ಟ್ ಮೇನ್‌ಗೆ (ಎಲ್‌ಎಡಿ ಕವಲೊಡೆಯುವ ಎಡದ ಮೂಲ ನಾಳಕ್ಕೆ) ಜಾರದ ಹಾಗೆ ನನ್ನದೇ ಒಂದು ಪಟ್ಟು ಇದೆ. ಲ್ಯಾಬ್‌ಗೆ ಬಂದವರಿಗೆ ತೋರಿಸುತ್ತೇನೆ.

ಜೊತೆಯ ಡಾಕ್ಟರುಗಳು, ಸ್ಟೆಂಟ್ ತಡವಾಗಿ ಹಾಕಿ ನೋಡಿದ 2016ರ ಡನಾಮಿ-3 ಡಿಫರ್ ಟ್ರಯಲ್ ಹಿಡಿದು ವಾದಕ್ಕೆ ನಿಂತರು. ತಡ ಮಾಡಿದ್ದರಿಂದ ಅಲ್ಲಿ ಲಾಭ ಕಾಣಲಿಲ್ಲ, ನಿಜ. ಆದರೆ ಅಲ್ಲಿನ ರೋಗಿಗಳ ವಯಸ್ಸು ಸುಮಾರು 60. ನಮ್ಮ ಹುಡುಗರಲ್ಲಿ ಪ್ಲಾಕ್ (ನಾಳದ ಗೋಡೆಯಲ್ಲಿ ಕೂತ ಕೊಬ್ಬು) ಕಡಿಮೆ, ಕ್ಲಾಟ್ ಜಾಸ್ತಿ. ಎರಡೂ ಒಂದೇ ಕಾಯಿಲೆ ಅಲ್ಲ ಅಲ್ವಾ?

ಒಬ್ಬರಿಗೆ ಮೂರನೇ ದಿನ ರಾತ್ರಿ ನಾಳ ಮತ್ತೆ ಮುಚ್ಚಿಕೊಂಡಿತು. ಓಡಿ ಬಂದು ಸ್ಟೆಂಟ್ ಹಾಕಿದೆವು. ಅಲ್ಲಿಂದ ಕಾಯುವಷ್ಟು ದಿನವೂ ಐಸಿಯುನಲ್ಲೇ ಇಡುತ್ತೇನೆ. ಬಿಲ್ ಏರುತ್ತದೆ. ಎರಡನೇ ಆಂಜಿಯೋಗೆ ಪ್ಯಾಕೇಜ್‌ನಲ್ಲಿ ದುಡ್ಡು ಸಿಗಲಿಲ್ಲ, ಆಡಳಿತದವರ ಜೊತೆ ಜಗಳವಾಡಿ ಬಿಡಿಸಿಕೊಂಡೆ. ಸರ್ಕಾರದ 2017ರ ಬೆಲೆ ಮಿತಿಯ ನಂತರ ಸ್ಟೆಂಟೇ ಅಗ್ಗ, ನಾಳದ ಒಳಗಿನ ಚಿತ್ರ ತೆಗೆಯುವ ಓಸಿಟಿ ಕ್ಯಾಥೆಟರ್ ಅದಕ್ಕಿಂತ ದುಬಾರಿ. ಅನುಮಾನ ಇದ್ದಾಗ ಮಾತ್ರ ಓಸಿಟಿ ತೆಗೆಯುತ್ತೇನೆ.

ಒಬ್ಬ ಆಟೋ ಡ್ರೈವರ್‌ಗೆ ಹಾಗೆ ಓಸಿಟಿ ಮಾಡಿದೆ. ಮೊದಲ ದಿನ ಪೂರ್ತಿ ಬಂದ್ ಇದ್ದ ಜಾಗದಲ್ಲಿ ಐದನೇ ದಿನ ಅಂದಾಜು 30 ಪರ್ಸೆಂಟ್ ಅಡ್ಡಿ, ಅಷ್ಟೇ. ಪ್ಲಾಕ್‌ನ ಕ್ಯಾಪ್ (ಮೇಲಿನ ಪೊರೆ) ಒಡೆದಿರಲಿಲ್ಲ, ಮೇಲ್ಮೈ ಮಾತ್ರ ಸವೆದಿತ್ತು. ಸ್ಟೆಂಟ್ ಹಾಕಲೇ ಇಲ್ಲ. ನನ್ನ ಜೊತೆ ಹೆಚ್ಚು ವಾದ ಮಾಡಿದವರೇ ಆ ಚಿತ್ರವನ್ನು ಕ್ಲಾಸಿಗೆ ಕೇಳಿ ತೆಗೆದುಕೊಂಡರು. ಹೀಗೆ ಕಾದವರಲ್ಲಿ ನೆನಪಿನ ಲೆಕ್ಕದಲ್ಲಿ ಮೂರನೇ ಒಂದು ಭಾಗಕ್ಕೆ ಸ್ಟೆಂಟ್ ಬೇಕಾಗಲಿಲ್ಲ.

ಮಧ್ಯೆ ಎಲ್ಲರಿಗೂ ರಕ್ತದ ಹೋಮೋಸಿಸ್ಟೀನ್ ಟೆಸ್ಟ್ ಬರೆಸಿ ನೋಡಿದೆ. ಚಿಕಿತ್ಸೆಯಲ್ಲಿ ಏನೂ ಬದಲಾಗಲಿಲ್ಲ, ಸುಮ್ನೆ ಖರ್ಚು, ಬಿಟ್ಟೆ. ವಂಶದಲ್ಲಿ ಬರುವ ಕೊಲೆಸ್ಟ್ರಾಲ್ ಕಣವಾದ ಲಿಪೋಪ್ರೋಟೀನ್ ಎ ಟೆಸ್ಟ್ ಮಾತ್ರ ಈಗಲೂ ಮಾಡಿಸುತ್ತೇನೆ. ಜಾಸ್ತಿ ಬಂದರೆ ಅಣ್ಣತಮ್ಮಂದಿರನ್ನೂ ಕರೆಸುತ್ತೇನೆ.