ಕೆಳಗಿನ ಉಪಗ್ರಹವೋ, ಮೇಲಿನದೋ? ಹ್ಯಾಮ್‌ಗಳು ಕಕ್ಷೆ ಆರಿಸಿಕೊಳ್ಳುವುದು ಹೀಗೆ

ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಸಂಜೆ ವಾಕಿಂಗ್ ಬಂದವರು ನನ್ನ ಕೈಯಲ್ಲಿರುವುದನ್ನು ನೋಡಿ ನಿಲ್ಲುತ್ತಾರೆ. ಒಂದು ಪಿವಿಸಿ ಪೈಪು, ಅದಕ್ಕೆ ಅಡ್ಡಡ್ಡ ಕೂರಿಸಿದ ಅಳತೆ ಟೇಪಿನ ತುಂಡುಗಳು. ‘ಏನ್ರೀ ಇದು, ಟಿವಿ ಆಂಟೆನಾ ಏನು?’ ‘ಅಲ್ರೀ, ಸ್ಯಾಟಲೈಟ್ ಹಿಡಿಯೋದು.’ ನಂಬುವುದಿಲ್ಲ. ಅಷ್ಟರಲ್ಲಿ ವಾಕಿಟಾಕಿಯ ಸುಂಯ್ ಸದ್ದಿನೊಳಗಿಂದ ಒಂದು ದನಿ ಎದ್ದು ಬರುತ್ತದೆ. ಯಾರೋ ತಮ್ಮ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ತಮ್ಮ ಗುರುತಿನ ಸಂಕೇತ, ಹೇಳುತ್ತಿರುತ್ತಾರೆ. ಆಮೇಲೆ ಹತ್ತು ನಿಮಿಷ ಅವರೂ ನನ್ನ ಜೊತೆ ಆಕಾಶ ನೋಡುತ್ತಾ ನಿಲ್ಲುತ್ತಾರೆ.

ಪರೀಕ್ಷೆ ಪಾಸು ಮಾಡಿ ಹೊಸದಾಗಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರವಾನಗಿ ಪಡೆದ ಹುಡುಗರು ಮೊದಲು ಕೇಳುವುದು, ‘ಸರ್, ಯಾವ ಸ್ಯಾಟಲೈಟ್‌ನಿಂದ ಶುರು ಮಾಡಲಿ?’ ಅಂತ. ಉಪಗ್ರಹದ ಹೆಸರು ಆಮೇಲೆ, ಮೊದಲು ಎತ್ತರ ಆರಿಸಿಕೊಳ್ಳಿ ಅನ್ನುತ್ತೇನೆ. ಯಾವ ಆಂಟೆನಾ ಬೇಕು, ಎಷ್ಟು ಹೊತ್ತು ಮಾತು ಸಿಗುತ್ತದೆ, ಎಷ್ಟು ದೂರದವರು ಸಿಗುತ್ತಾರೆ, ಎಷ್ಟು ದುಡ್ಡು ಹೋಗುತ್ತದೆ, ಎಲ್ಲಕ್ಕೂ ಎತ್ತರವೇ ಕಾರಣ.

ಎತ್ತರ ಅಂದರೆ ಎಷ್ಟು?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ನಾನೂರು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಅಷ್ಟೇ ದೂರದಲ್ಲಿದೆ. ಅದರಲ್ಲಿ ಹ್ಯಾಮ್‌ಗಳಿಗಾಗಿಯೇ ಒಂದು ರಿಪೀಟರ್ ಇದೆ, ಕೆಳಗಿನಿಂದ ಕೇಳಿದ್ದನ್ನು ಮತ್ತೆ ಕೆಳಗೆ ಬಿತ್ತರಿಸುವ ರೇಡಿಯೊ. ಇದು ಕೆಳಕಕ್ಷೆ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಜೋರಾಗಿ ಓಡುವುದರಿಂದ ನಮ್ಮ ಆಕಾಶವನ್ನು ಹತ್ತು ನಿಮಿಷದಲ್ಲಿ ದಾಟಿಬಿಡುತ್ತದೆ. ನಾವು ಇದನ್ನು ‘ಪಾಸ್’ ಅನ್ನುತ್ತೇವೆ.

ಇನ್ನೊಂದು ತುದಿಯಲ್ಲಿ ಕ್ಯೂಓ-100 ಇದೆ. 2018ರ ನವೆಂಬರ್‌ನಲ್ಲಿ ಮೇಲೇರಿದ ಕತಾರ್‌ನ ಟಿವಿ ಉಪಗ್ರಹ ಎಸ್‌ಹೇಲ್-2ರಲ್ಲಿ ಹ್ಯಾಮ್‌ಗಳಿಗೆ ಕೊಟ್ಟ ಜಾಗ ಅದು. ಎತ್ತರ 35,786 ಕಿ.ಮೀ. ಭೂಮಿ ತಿರುಗುವ ವೇಗಕ್ಕೇ ತಿರುಗುವುದರಿಂದ ನಮಗೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ. ಬೆಳಿಗ್ಗೆ, ಮಧ್ಯರಾತ್ರಿ, ಯಾವಾಗ ಬೇಕಾದರೂ ಇದೆ. ಬ್ರೆಜಿಲ್‌ನಿಂದ ಥಾಯ್ಲೆಂಡ್‌ವರೆಗಿನವರು ಅದರ ನೋಟದೊಳಗೆ ಬರುತ್ತಾರೆ. ಅಮೆರಿಕದ ಹ್ಯಾಮ್‌ಗಳಿಗೆ ಈ ಭಾಗ್ಯ ಇಲ್ಲ, ಅವರಿಗೆ ಅದು ಕಾಣುವುದೇ ಇಲ್ಲ. ನಮಗೆ ಎರಡೂ ಇವೆ.

ಮೊದಲು ಕೆಳಗಿನದು

ಮೇಲಿನದಕ್ಕೆ ಬೇಕಾಗುವ ಡಿಷ್‌ಗೆ ದುಡ್ಡು ಇದ್ದರೂ ಮೊದಲ ಆರು ತಿಂಗಳು ಕೆಳಕಕ್ಷೆಯಲ್ಲೇ ಕಳೆಯಿರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆಂಟೆನಾ, ಸಿಗ್ನಲ್, ದಿಕ್ಕು ಇವೆಲ್ಲ ಕೈಗೆ ಹತ್ತುವುದು ಅಲ್ಲೇ.

ಗೆಜ್ಜೆ ಕಟ್ಟುವ ಮೊದಲು ತಾಳ ಗೊತ್ತಿರಬೇಕು, ಅಲ್ವಾ? ಹಾಗೆಯೇ ಮೊದಲು ಪಾಸಿನ ಸಮಯ ನೋಡಿ. ಜಿಪ್ರೆಡಿಕ್ಟ್ ಅನ್ನುವ ಉಚಿತ ತಂತ್ರಾಂಶದಲ್ಲಿ ನಿಮ್ಮ ಊರು ಹಾಕಿದರೆ ಎಷ್ಟು ಗಂಟೆಗೆ, ಯಾವ ದಿಕ್ಕಿನಲ್ಲಿ ಏಳುತ್ತದೆ, ಎಷ್ಟು ಡಿಗ್ರಿ ಏರುತ್ತದೆ ಎಲ್ಲಾ ಬರುತ್ತದೆ. ಉಪಗ್ರಹಗಳ ಕಕ್ಷೆಯ ಲೆಕ್ಕವನ್ನು ಆಗಾಗ ಅಪ್‌ಡೇಟ್ ಮಾಡಿಕೊಳ್ಳಿ. 40 ಡಿಗ್ರಿಗಿಂತ ಮೇಲೆ ಏರುವ ಪಾಸನ್ನೇ ಆರಿಸಿ. ಯಾಕೆಂದರೆ ನಿಲ್ದಾಣ ತಲೆಯ ಮೇಲಿದ್ದಾಗ 420 ಕಿ.ಮೀ. ದೂರ ಇದ್ದದ್ದು, ದಿಗಂತದಲ್ಲಿದ್ದಾಗ ಸುಮಾರು 2,350 ಕಿ.ಮೀ. ಆಗುತ್ತದೆ. ಸಿಗ್ನಲ್ಲಿನ ಬಲ ಮೂವತ್ತು ಪಟ್ಟು ಇಳಿಯುತ್ತದೆ.

ಆಮೇಲೆ ಚಾನೆಲ್‌ಗಳು. ಉಪಗ್ರಹ ಹತ್ತಿರ ಬರುವಾಗ ಅದರ ಫ್ರೀಕ್ವೆನ್ಸಿ ಮೇಲೆ ಕೇಳುತ್ತದೆ, ದೂರ ಹೋಗುವಾಗ ಕೆಳಗೆ. ರೈಲಿನ ಸೀಟಿಯ ಹಾಗೆ. ನಿಲ್ದಾಣದ ರಿಪೀಟರ್ 437.800 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಆದರೆ ಅದು ಏಳುವಾಗ ನಿಮಗೆ ಕೇಳುವುದು 437.810ರಲ್ಲಿ, ಮುಳುಗುವಾಗ 437.790ರಲ್ಲಿ. ಹಾಗಾಗಿ 810, 805, 800, 795, 790 ಹೀಗೆ ಐದು ಚಾನೆಲ್ ಮೊದಲೇ ಸೇವ್ ಮಾಡಿಕೊಂಡು, ಪಾಸು ಸಾಗಿದಂತೆ ಒಂದೊಂದೇ ಇಳಿಯಿರಿ. ಕಳಿಸುವ ಕಡೆ 145.990, ಜೊತೆಗೆ ರಿಪೀಟರನ್ನು ತೆರೆಯುವ 67 ಹರ್ಟ್ಸ್ ಟೋನ್. ಅಲ್ಲಿ ಬದಲಾವಣೆ ಕಡಿಮೆ, ಮುಟ್ಟುವುದು ಬೇಡ.

ಇನ್ನು ಕೈಯ ಕೆಲಸ. ಆಂಟೆನಾ ಉಪಗ್ರಹದ ಕಡೆಗೇ ಇದೆ, ಆದರೂ ಬರೀ ಸುಂಯ್ ಅನ್ನುತ್ತದೆ. ಹೊಸಬರು ಇಲ್ಲಿ ಗಾಬರಿಯಾಗಿ ದಿಕ್ಕು ಬದಲಿಸುತ್ತಾರೆ. ದಿಕ್ಕು ಬಿಡಬೇಡಿ, ಮಣಿಕಟ್ಟು ತಿರುಗಿಸಿ. ಬೀಗದ ಕೈ ತಿರುಗಿಸುವ ಹಾಗೆ, ನಿಧಾನಕ್ಕೆ. ಒಂದು ಕಡೆ ದನಿ ಫಕ್ಕನೆ ತಿಳಿಯಾಗುತ್ತದೆ. ಅರ್ಧ ನಿಮಿಷದಲ್ಲಿ ಮತ್ತೆ ಮಸುಕಾಗುತ್ತದೆ, ಮತ್ತೆ ಸ್ವಲ್ಪ ತಿರುಗಿಸಿ. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎಷ್ಟೋ ಪಾಸು ಸುಮ್ನೆ ಹೋದವು.

ಮೊದಲ ವಾರ ಬರೀ ಕೇಳಿ. ಈ ರಿಪೀಟರಿನಲ್ಲಿ ಒಂದು ಸಲಕ್ಕೆ ಒಬ್ಬರದೇ ಮಾತು. ಹತ್ತು ನಿಮಿಷಕ್ಕೆ ಅರ್ಧ ದೇಶ ಸಾಲು ನಿಂತಿರುತ್ತದೆ. ನಿಮಗೆ ಕೇಳಿಸದೆ ನೀವು ಕೂಗಿದರೆ ಇನ್ನೊಬ್ಬರ ಮಾತು ಹಾಳು. ಪರವಾನಗಿ ಇಲ್ಲದೆ ಬಟನ್ ಒತ್ತುವ ಮಾತಂತೂ ಇಲ್ಲವೇ ಇಲ್ಲ.

ನಡುವಿನವರು

ಕೆಳಗೆ, ಮೇಲೆ ಅಂದ ಮಾತ್ರಕ್ಕೆ ನಡುವೆ ಏನೂ ಇಲ್ಲ ಅಂತಲ್ಲ. ಆರ್‌ಎಸ್-44 ಸುಮಾರು 1,200ರಿಂದ 1,500 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. ಪಾಸು ಇಪ್ಪತ್ತು ನಿಮಿಷದವರೆಗೂ ಸಿಗುತ್ತದೆ, ಒಟ್ಟಿಗೇ ಹಲವರು ಮಾತಾಡಬಹುದು. ಇದಕ್ಕೆ ಎಸ್‌ಎಸ್‌ಬಿ, ಅಂದರೆ ಕಡಿಮೆ ಜಾಗದಲ್ಲಿ ದನಿ ಕಳಿಸುವ ವಿಧಾನದ ರೇಡಿಯೊ ಬೇಕು, ವಾಕಿಟಾಕಿ ಸಾಲದು. 1,450 ಕಿ.ಮೀ. ಎತ್ತರದ ಎಓ-7 ಬಗ್ಗೆ ನನಗೆ ವಿಶೇಷ ಪ್ರೀತಿ. 1974ರಲ್ಲಿ ಹಾರಿದ್ದು, 1981ರಲ್ಲಿ ಬ್ಯಾಟರಿ ಕೆಟ್ಟು ಸತ್ತೇ ಹೋಯಿತು ಅಂದುಕೊಂಡಿದ್ದರು. 2002ರಲ್ಲಿ ತಾನಾಗಿ ದನಿ ಎತ್ತಿತು. ಬ್ಯಾಟರಿ ಸತ್ತರೂ ಸೋಲಾರ್ ಫಲಕಗಳಿಂದ ನೇರವಾಗಿ ಕರೆಂಟ್ ತೆಗೆದುಕೊಂಡು, ಬಿಸಿಲಿದ್ದಾಗ ಮಾತ್ರ ಎಚ್ಚರವಾಗಿರುವ ಉಪಗ್ರಹ ಅದು. ಅಷ್ಟು ಎತ್ತರದಲ್ಲಿ ಗಾಳಿಯ ಎಳೆತ ಬಲು ಕಡಿಮೆ, ಅದಕ್ಕೇ ಇಷ್ಟು ವರ್ಷ ಬೀಳದೆ ಉಳಿದಿದೆ. ನಮ್ಮ ಇಸ್ರೋದ ಹ್ಯಾಮ್‌ಸ್ಯಾಟ್ 2005ರಿಂದ 2014ರವರೆಗೆ ಸೇವೆ ಕೊಟ್ಟಿತು. ಅದನ್ನು ನಿಲ್ಲಿಸಿದ್ದೂ ಬ್ಯಾಟರಿಯೇ.

ಮೇಲಿನದು ಯಾರಿಗೆ?

ನಿಮ್ಮದು ಹತ್ತರಿಂದ ಐದರ ಕೆಲಸ. ಪಾಸಿನ ಸಮಯಕ್ಕೆ ಬಿಡುವಿಲ್ಲ. ರಾತ್ರಿ ಊಟದ ಮೇಲೆ ಕೂತು ನಿಧಾನಕ್ಕೆ ಮಾತಾಡಬೇಕು. ಹಾಗಿದ್ದರೆ ಮೇಲಿನದು ನಿಮಗೆ. ಬಾಡಿಗೆ ಮನೆ, ಮಾಳಿಗೆ ಮಾಲೀಕರದು ಅಂದರೆ ಸ್ವಲ್ಪ ಕಷ್ಟ.

ಹುಬ್ಬಳ್ಳಿಯಿಂದ ಲೆಕ್ಕ ಹಾಕಿದರೆ ಕ್ಯೂಓ-100 ಇರುವುದು ಪಶ್ಚಿಮಕ್ಕಿಂತ ತುಸು ದಕ್ಷಿಣಕ್ಕೆ, 257 ಡಿಗ್ರಿಯಲ್ಲಿ, ದಿಗಂತದಿಂದ ಸುಮಾರು 32 ಡಿಗ್ರಿ ಮೇಲೆ. ಗೋವಾಕ್ಕೂ ಕಾರವಾರಕ್ಕೂ ನಡುವಿನ ದಿಕ್ಕು ಅನ್ನಿ. ಓಣಿಯ ಟಿವಿ ಡಿಷ್‌ಗಳೆಲ್ಲ ಆಗ್ನೇಯದ ಕಡೆ ನೋಡುತ್ತಿರುವಾಗ ನಿಮ್ಮದೊಂದು ಮಾತ್ರ ಬೆನ್ನು ತಿರುಗಿಸಿರುತ್ತದೆ.

ಡಿಷ್ ಕೊಳ್ಳುವ ಮೊದಲು ಆ ದಿಕ್ಕಿನಲ್ಲಿ ಗಿಡ, ಗೋಡೆ, ನೀರಿನ ಟ್ಯಾಂಕು ಅಡ್ಡ ಇದೆಯೇ ನೋಡಬೇಕು. ಸುಲಭದ ದಾರಿ ಇದೆ. ಮಾರ್ಚ್ ಮಧ್ಯದಲ್ಲಿ ಸಂಜೆ 4.20ರ ಆಸುಪಾಸು, ಸೆಪ್ಟೆಂಬರ್ ಕೊನೆಗೆ 4 ಗಂಟೆ ದಾಟುವ ಹೊತ್ತಿಗೆ, ಸೂರ್ಯ ಹೆಚ್ಚುಕಡಿಮೆ ಅದೇ ಜಾಗದಲ್ಲಿರುತ್ತಾನೆ. ಡಿಷ್ ಇಡುವ ಜಾಗದಲ್ಲಿ ಆಗ ಬಿಸಿಲು ಬಿದ್ದರೆ ಆಯಿತು. ನೆರಳಿದ್ದರೆ ಜಾಗ ಬದಲಿಸಿ.

ಕೇಳುವುದಕ್ಕೆ ಖರ್ಚು ಕಡಿಮೆ. 60 ಸೆಂಟಿಮೀಟರಿನ ಹಳೆಯ ಟಿವಿ ಡಿಷ್, ಡಿಷ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ 9.75 ಗಿಗಾಹರ್ಟ್ಸ್ ಆಸಿಲೇಟರಿನ ಯುನಿವರ್ಸಲ್ ಎಲ್‌ಎನ್‌ಬಿ, ಕಂಪ್ಯೂಟರನ್ನೇ ರೇಡಿಯೊ ಮಾಡುವ ಒಂದು ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್. ಉಪಗ್ರಹದಿಂದ 10,489.75 ಮೆಗಾಹರ್ಟ್ಸ್‌ನಲ್ಲಿ ಇಳಿದದ್ದು, ಎಲ್‌ಎನ್‌ಬಿ 9,750 ಕಳೆದ ಮೇಲೆ, ಡಾಂಗಲ್‌ಗೆ 739.75ರಲ್ಲಿ ಸಿಗುತ್ತದೆ. ಎಲ್‌ಎನ್‌ಬಿಗೆ 12 ವೋಲ್ಟ್ ಬೇರೆಯಾಗಿ ಕೊಡಬೇಕು, ಡಾಂಗಲ್ ಅಷ್ಟು ಕೊಡುವುದಿಲ್ಲ. ಬಿಸಿಲಿಗೆ ಎಲ್‌ಎನ್‌ಬಿ ಕಾದಾಗ ಸಿಗ್ನಲ್ ಪಕ್ಕಕ್ಕೆ ಜಾರುತ್ತದೆ, ಅದಕ್ಕೆ ಬೇಸರ ಬೇಡ. ಪಶ್ಚಿಮಕ್ಕೆ ತುಂಬಾ ವಾಲಿ ನೋಡುತ್ತಿರುವುದರಿಂದ ಎಲ್‌ಎನ್‌ಬಿಯನ್ನೂ ಅದರ ಹಿಡಿಯೊಳಗೆ ಸಾಕಷ್ಟು ತಿರುಗಿಸಬೇಕಾಗುತ್ತದೆ.

ಕಳಿಸುವುದು ಬೇರೆ ಮಾತು. 2.4 ಗಿಗಾಹರ್ಟ್ಸ್‌ಗೆ ಏರಿಸುವ ಅಪ್‌ಕನ್ವರ್ಟರ್, ಕೆಲವು ವಾಟ್‌ಗಳ ಆಂಪ್ಲಿಫೈಯರ್ ಬೇಕು. ನಿಮ್ಮ ಪರವಾನಗಿಯಲ್ಲಿ ಆ ಬ್ಯಾಂಡ್ ಇದೆಯೇ ಓದಿಕೊಳ್ಳಿ. ಇಲ್ಲಿ ಎಫ್‌ಎಂ ಬಳಸುವಂತಿಲ್ಲ. ನಿಮ್ಮ ಸಿಗ್ನಲ್ ಅಲ್ಲಿನ ಬೀಕನ್‌ಗಿಂತ, ಅಂದರೆ ಸದಾ ಬರುವ ಗುರುತಿನ ಸಿಗ್ನಲ್‌ಗಿಂತ ಜೋರಾಗಬಾರದು, ಜೋರಾದರೆ ನಿಮ್ಮ ಸಿಗ್ನಲ್ ಮೇಲೆ ಸೈರನ್ ಕೇಳಿಸುತ್ತದೆ. ನಿಮ್ಮ ದನಿ ಹೋಗಿ ಬರಲು ಕಾಲು ಸೆಕೆಂಡು ಹಿಡಿಯುತ್ತದೆ. ಮೊದಲ ಸಲ ಅದನ್ನು ಹೆಡ್‌ಫೋನಿನಲ್ಲಿ ಕೇಳಿದಾಗ ನನಗೆ ಮೈ ಜುಂ ಅಂದಿತ್ತು. 77,000 ಕಿ.ಮೀ. ಹೋಗಿಬಂದ ನನ್ನದೇ ದನಿ.

ಎರಡು ಎಚ್ಚರಿಕೆ. ಈ ಡಿಷ್ ಮುಖ ಮಾಡಿರುವುದು ನಮ್ಮ ಮುಂಗಾರು ಬರುವ ದಿಕ್ಕಿಗೇ. ಜೋರು ಮಳೆಗೆ ಸಿಗ್ನಲ್ ಇಳಿಯುತ್ತದೆ, ಗಾಳಿಗೆ ಬೋಲ್ಟು ಸಡಿಲಾಗುತ್ತದೆ. ಧಾರವಾಡದವರಿಗೆ ಮಂಗಗಳ ಕಾಟ ಬೇರೆ. ಇಷ್ಟು ದೊಡ್ಡ ಡಿಷ್‌ನ ನೋಟದ ಅಗಲ ಮೂರು ಡಿಗ್ರಿ ಮಾತ್ರ, ಒಂದು ಮಂಗ ಜಿಗಿದು ಕೂತರೂ ಉಪಗ್ರಹ ತಪ್ಪುತ್ತದೆ. ಸರಿಯಾಗಿ ಕೂತ ದಿನವೇ ಕಂಬಕ್ಕೂ ಹಿಡಿಗೂ ಸೇರಿಸಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಅಲುಗಿದರೆ ಗೆರೆ ಒಡೆದು ಕಾಣುತ್ತದೆ.

ಯಾವ ಎತ್ತರದಲ್ಲಿ ಮಾತಾಡಿದರೂ ಆಚೆಯವರು ನಿಮ್ಮ ಗ್ರಿಡ್, ಅಂದರೆ ಭೂಪಟದಲ್ಲಿ ನೀವಿರುವ ಚೌಕದ ಸಂಕೇತ, ಕೇಳುತ್ತಾರೆ. ಹುಬ್ಬಳ್ಳಿ, ಧಾರವಾಡ, ಗದಗದವರು ಎಂಕೆ75 ಅನ್ನಿ. ಹಾವೇರಿಯವರದು ಎಂಕೆ74.